ಕ್ಯಾಮೆರಾಗೆ ಕೊಟ್ಟ ಗಮನ ಬ್ಯಾಟರಿಗೂ ಇರಲಿ

ಮಾನ್ಯ ಸಂಪಾದಕರೇ,

ವಿಜಯಪುರದಲ್ಲಿ ಈಗ ಯಾವ ಹೊಸ ಬಡಾವಣೆಗೆ ಹೋದರೂ ಗೇಟಿನ ಮೇಲೆ ಕ್ಯಾಮೆರಾ ಕಾಣುತ್ತದೆ. ಬೆರಳು ಒತ್ತಿದರೆ ತೆರೆಯುವ ಲಾಕ್, ಮೊಬೈಲಿನಿಂದಲೇ ಹಚ್ಚುವ ಲೈಟು, ಬಾಗಿಲು ಅಲ್ಲಾಡಿದರೆ ಕೂಗುವ ಅಲಾರಂ ಎಲ್ಲ ಬಂದಿವೆ. ಒಳ್ಳೆಯದೇ. ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು, ಪುಣೆ ಸೇರಿದ್ದಾರೆ, ಇಲ್ಲಿ ವಯಸ್ಸಾದ ಇಬ್ಬರೇ ಇರುತ್ತಾರೆ. ಅಂಥವರಿಗೆ ಇದು ದೊಡ್ಡ ಧೈರ್ಯ. ಆದರೆ ಇಷ್ಟೆಲ್ಲ ಖರ್ಚು ಮಾಡಿದವರನ್ನು ಒಂದು ಮಾತು ಕೇಳಿ ನೋಡಿ. ಕರೆಂಟ್ ಹೋದ ಮೇಲೆ ಇದೆಲ್ಲ ಎಷ್ಟು ಹೊತ್ತು ನಡೆಯುತ್ತದೆ? ಬಹಳ ಜನರ ಹತ್ತಿರ ಉತ್ತರ ಇಲ್ಲ. "ಇನ್ವರ್ಟರ್ ಇದೆಯಲ್ಲ, ನಡೆಯುತ್ತೆ ಬಿಡಿ" ಅನ್ನುತ್ತಾರೆ, ಅಷ್ಟೇ.

ಕರೆಂಟ್ ಹೋಗುತ್ತದೆ ಅಂತ ಯಾರನ್ನೋ ದೂರಲು ಈ ಪತ್ರ ಬರೆಯುತ್ತಿಲ್ಲ. ನಮ್ಮ ಜಿಲ್ಲೆಯ ಕೂಡಗಿಯಲ್ಲೇ 2,400 ಮೆಗಾವ್ಯಾಟ್ ಸ್ಥಾವರ ಇದೆ. ಆದರೂ ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ ಗಾಳಿ ಬೀಸಿ ಬೇವಿನ ಟೊಂಗೆ ತಂತಿ ಮೇಲೆ ಬಿದ್ದರೆ ಓಣಿಗೆ ಓಣಿಯೇ ಕತ್ತಲು. ರಾತ್ರಿ ಹೋದ ಕರೆಂಟ್ ಕೆಲವು ಸಲ ಬೆಳಗಿನ ಜಾವಕ್ಕೆ ಬರುತ್ತದೆ. ಕ್ಯಾಮೆರಾ ನಿಜವಾಗಿ ಬೇಕಾಗಿರುವುದು ಆ ಕತ್ತಲಲ್ಲೇ ಅಲ್ವಾ?

ನಮ್ಮ ಓಣಿಯ ಒಂದು ಕುಟುಂಬ ಯುಗಾದಿ ಮುಂಚೆ ಮನೆಗೆ ಬೀಗ ಹಾಕಿ ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಿತ್ತು. ದಾರಿಯಲ್ಲಿ ರಾತ್ರಿ ಮೊಬೈಲ್ ತೆರೆದರೆ ನಾಲ್ಕೂ ಚೌಕ ಕಪ್ಪು, ನಡುವೆ ಆಫ್‌ಲೈನ್ ಅಂತ ಬರಹ. ಗಾಬರಿಯಾಗಿ ಕೀಲಿ ಕೊಟ್ಟಿದ್ದ ಪಕ್ಕದ ಮನೆಯವರಿಗೆ ಫೋನ್ ಮಾಡಿದರು. ಅವರು ಟಾರ್ಚ್ ಹಿಡಿದು ಬಂದು ನೋಡಿದರೆ ಬೀಗ ಭದ್ರವಾಗಿದೆ, ಇನ್ವರ್ಟರ್ ನಡೆಯುತ್ತಿದೆ, ಕ್ಯಾಮೆರಾ ನಡೆಯುತ್ತಿವೆ, ದೃಶ್ಯ ಉಳಿಸಿಡುವ ಡಬ್ಬಿ ಡಿವಿಆರ್ ರೆಕಾರ್ಡ್ ಮಾಡುತ್ತಲೇ ಇದೆ. ಸತ್ತಿದ್ದು ಮನೆಗೆ ನೆಟ್ ಕೊಡುವ ರೌಟರ್ ಮಾತ್ರ. ಅದರ ಅಡಾಪ್ಟರನ್ನು ಟಿವಿ ಹಿಂದಿನ ಸಾಕೆಟ್ಟಿಗೆ ಚುಚ್ಚಿದ್ದರು, ಆ ಸಾಕೆಟ್ಟಿಗೆ ಇನ್ವರ್ಟರ್ ಲೈನೇ ಇರಲಿಲ್ಲ. ಹಾಕಿಕೊಟ್ಟವರು ಅದನ್ನು ನೋಡಿಯೇ ಇರಲಿಲ್ಲ. ಹತ್ತು ವ್ಯಾಟಿನ ಒಂದು ಡಬ್ಬಿಗೆ ಲೈನ್ ಎಳೆಯದ್ದಕ್ಕೆ ಆ ಮನೆಯವರು ರಾತ್ರಿಯೆಲ್ಲ ನಿದ್ದೆಗೆಟ್ಟರು.

ಹಾಗಾಗಿ ಮೊದಲ ಕೆಲಸ, ಏನೇನು ನಡೆಯಬೇಕು ಅಂತ ಒಂದು ಚೀಟಿಯಲ್ಲಿ ಬರೆದುಕೊಳ್ಳುವುದು. ನಾಲ್ಕು ಕ್ಯಾಮೆರಾ ಇರುವ ಸಾಧಾರಣ ಮನೆ ಅಂದುಕೊಳ್ಳಿ. ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿದಾಗ ಒಂದೊಂದು ಕ್ಯಾಮೆರಾ ನಾಲ್ಕೈದು ವ್ಯಾಟ್ ತಿನ್ನುತ್ತದೆ, ನಾಲ್ಕಕ್ಕೂ ಸೇರಿ ಸುಮಾರು 20. ಹಾರ್ಡ್ ಡಿಸ್ಕ್ ಇರುವ ಡಿವಿಆರ್ 10ರಿಂದ 15. ಫೈಬರ್ ರೌಟರ್ ಸುಮಾರು 10. ಎಲ್ಲ ಕೂಡಿದರೆ 45 ವ್ಯಾಟ್. (ದಿನವಿಡೀ ನಡೆಯುವುದರಿಂದ ತಿಂಗಳಿಗೆ 32 ಯೂನಿಟ್ ಇದಕ್ಕೇ ಹೋಗುತ್ತದೆ. ಗೃಹಜ್ಯೋತಿ ಲೆಕ್ಕ ಇಡುವವರು ಇದನ್ನೂ ಗಮನಿಸಬೇಕು.) 45 ವ್ಯಾಟ್ ಅಂದರೆ ಒಂದು ಹಳೇ ಸೀಲಿಂಗ್ ಫ್ಯಾನಿಗಿಂತ ಕಡಿಮೆ. ಇಷ್ಟು ಸಣ್ಣ ಲೋಡಿಗೆ ಬ್ಯಾಕಪ್ ಕೊಡುವುದು ಕಷ್ಟದ ಕೆಲಸವೇ ಅಲ್ಲ, ಲೆಕ್ಕ ಹಾಕಿದರೆ ಮಾತ್ರ.

ಅಂಗಡಿಯಲ್ಲಿ ಸಾಮಾನ್ಯವಾಗಿ ಕೈಗೆ ಕೊಡುವುದು ಕಂಪ್ಯೂಟರಿಗೆ ಹಾಕುವ 600 ವಿಎ ಯುಪಿಎಸ್. 600 ಅನ್ನುವ ಅಂಕಿ ನೋಡಿ ಜನ ಖುಷಿಯಾಗುತ್ತಾರೆ. ಆದರೆ ಆ ಅಂಕಿ ಒಮ್ಮೆಗೆ ಎಷ್ಟು ಭಾರ ಎಳೆಯಬಹುದು ಅಂತ ಹೇಳುತ್ತದೆ, ಎಷ್ಟು ಹೊತ್ತು ಅಂತ ಹೇಳುವುದಿಲ್ಲ. ಒಳಗೆ ಇರುವುದು ಸಾಮಾನ್ಯವಾಗಿ 12 ವೋಲ್ಟಿನ 7 ಎಎಚ್ (ಆಂಪಿಯರ್-ಅವರ್) ಲೆಡ್ ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್, ಅಂದರೆ 84 ವ್ಯಾಟಿನ ಸಾಮಾನು ಒಂದು ಗಂಟೆ ನಡೆಯುವಷ್ಟು. ಅದೂ 20 ಗಂಟೆ ಕಾಲ ನಿಧಾನವಾಗಿ ಖಾಲಿ ಮಾಡಿದರೆ ಸಿಗುವ ಲೆಕ್ಕ. ಒಂದು ಗಂಟೆಯಲ್ಲಿ ಹೀರಿದರೆ ಲೆಡ್ ಬ್ಯಾಟರಿ ಅಷ್ಟು ಕೊಡುವುದಿಲ್ಲ, ಮೇಲೆ ಯುಪಿಎಸ್ ತಾನೂ ಒಂದಿಷ್ಟು ತಿನ್ನುತ್ತದೆ. 45 ವ್ಯಾಟಿಗೆ ಮುಕ್ಕಾಲು ಗಂಟೆ ನಡೆದರೆ ಪುಣ್ಯ. ಕಂಪ್ಯೂಟರ್ ಸೇವ್ ಮಾಡಿ ಮುಚ್ಚಲು ಅದು ಸಾಕು, ಮನೆ ಕಾಯಲು ಸಾಲದು.

ರೌಟರಿಗೆ ಅಂತ ಬರುವ ಪುಟ್ಟ ಯುಪಿಎಸ್‌ಗಳದ್ದು ಇನ್ನೊಂದು ಕತೆ. ಡಬ್ಬಿ ಮೇಲೆ 10,000 ಎಂಎಎಚ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಸಾವಿರ ಎಂಎಎಚ್‌ಗೆ ಒಂದು ಎಎಚ್, 10 ಎಎಚ್ ಅಂದರೆ 12 ವೋಲ್ಟಿನಲ್ಲಿ 120 ವ್ಯಾಟ್-ಅವರ್ ಆಯ್ತಲ್ಲ ಅಂತ ನಾವು ತಿಳಿಯುತ್ತೇವೆ. ಆದರೆ ಆ ಎಂಎಎಚ್ ಒಳಗಿನ 3.7 ವೋಲ್ಟಿನ ಲಿಥಿಯಂ ಸೆಲ್ಲಿನದು. ನಿಜವಾಗಿ ಇರುವುದು 37 ವ್ಯಾಟ್-ಅವರ್. ಹತ್ತು ವ್ಯಾಟಿನ ರೌಟರಿಗೆ ಮೂರು ಗಂಟೆ ಬರುತ್ತದೆ, ಕೆಟ್ಟದ್ದೇನಲ್ಲ, ಆ ಕೆಲಸಕ್ಕೆ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಎಂಎಎಚ್ ನೋಡಬೇಡಿ, ಡಬ್ಬಿ ಹಿಂಭಾಗದಲ್ಲಿ ವ್ಯಾಟ್-ಅವರ್ ಎಷ್ಟು ಅಂತ ನೋಡಿ, ಇಲ್ಲದಿದ್ದರೆ ಕೇಳಿ. ಲಿಥಿಯಂ ಆದರೆ ಸುರಕ್ಷತೆಯ ಭಾರತೀಯ ಮಾನಕವಾದ ಐಎಸ್ 16046ರ ಗುರುತು ಇದೆಯೋ ಅಂತಲೂ ನೋಡಿ. ರೌಟರ್ 12 ವೋಲ್ಟಿನದೋ 9 ವೋಲ್ಟಿನದೋ ಅಂತ ಅಡಾಪ್ಟರ್ ಮೇಲೆ ಓದಿಕೊಂಡೇ ಅಂಗಡಿಗೆ ಹೋಗಿ.

ಇನ್ನು ದೊಡ್ಡ ಇನ್ವರ್ಟರ್. 12 ವೋಲ್ಟಿನ 150 ಎಎಚ್ ಟ್ಯೂಬುಲರ್ ಬ್ಯಾಟರಿ (ನೀರು ಹಾಕುವ ದೊಡ್ಡ ಲೆಡ್ ಬ್ಯಾಟರಿ) ಅಂದರೆ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಖಾಲಿ ಮಾಡುವಂತಿಲ್ಲ, ನಷ್ಟವೂ ಇದೆ, ಆದರೂ ಕ್ಯಾಮೆರಾ ವ್ಯವಸ್ಥೆಯೊಂದನ್ನೇ ಹಾಕಿದರೆ ಆರಾಮಾಗಿ 15 ಗಂಟೆ ದಾಟುತ್ತದೆ. ಆದರೆ ಅದೊಂದನ್ನೇ ಯಾರು ಹಾಕುತ್ತಾರೆ? ಎರಡು ಹಳೇ ಫ್ಯಾನು, ನಾಲ್ಕು ಬಲ್ಬು, ಒಂದು ಟಿವಿ ಎಲ್ಲ ಅದೇ ಬ್ಯಾಟರಿ ಮೇಲೆ. ಮೇ ತಿಂಗಳ ಸೆಕೆಯಲ್ಲಿ ಫ್ಯಾನ್ ಆರಿಸಿ ಅಂತ ಯಾರಿಗೂ ಹೇಳಲಾಗುವುದಿಲ್ಲ. ಹೊಸ ಬ್ಯಾಟರಿಯೇ ನಾಲ್ಕೈದು ಗಂಟೆಗೆ ಮುಗಿಯುತ್ತದೆ, ಎರಡು-ಮೂರು ಬೇಸಿಗೆ ಕಂಡ ಬ್ಯಾಟರಿ ಅದಕ್ಕೂ ಮುಂಚೆ. ರಾತ್ರಿ ಹನ್ನೊಂದಕ್ಕೆ ಹೋದ ಕರೆಂಟ್ ಬಾರದಿದ್ದರೆ ಮೂರು ಗಂಟೆ ಸುಮಾರಿಗೆ ಫ್ಯಾನ್ ನಿಲ್ಲುತ್ತದೆ, ಜೊತೆಗೇ ಕ್ಯಾಮೆರಾ, ಅಲಾರಂ, ರೌಟರ್ ಎಲ್ಲ ಹೋಗುತ್ತವೆ. ಮನೆಯವರು ಸೆಕೆಗೆ ಎದ್ದು ಮಾಳಿಗೆ ಮೇಲೆ ಮಲಗಲು ಹೋಗುವ ಹೊತ್ತೂ ಅದೇ.

ಅದಕ್ಕೇ ನನ್ನ ಗಟ್ಟಿ ಅಭಿಪ್ರಾಯ ಏನೆಂದರೆ, ಭದ್ರತೆಯ ಸಾಮಾನಿಗೆ ಬೇರೆ ಬ್ಯಾಟರಿಯೇ ಇರಬೇಕು. ಚಿಕ್ಕದಾದರೂ ಪರವಾಗಿಲ್ಲ, ಫ್ಯಾನಿನ ಜೊತೆ ಪಾಲು ಬೇಡ. ಕ್ಯಾಮೆರಾ, ಡಿವಿಆರ್, ರೌಟರ್ ಬಹುತೇಕ ಎಲ್ಲ 12 ವೋಲ್ಟ್ ಡಿಸಿಯಲ್ಲೇ (ಬ್ಯಾಟರಿ ಕೊಡುವಂಥ ಕರೆಂಟಿನಲ್ಲೇ) ನಡೆಯುವ ಸಾಮಾನು. ಬ್ಯಾಟರಿಯ 12 ವೋಲ್ಟನ್ನು 230 ಮಾಡಿ, ಮತ್ತೆ ಅಡಾಪ್ಟರಿನಲ್ಲಿ 12ಕ್ಕೆ ಇಳಿಸುವುದರಲ್ಲಿ ಸುಮ್ನೆ ಎಷ್ಟೋ ಪೋಲಾಗುತ್ತದೆ. ನೇರ ಡಿಸಿ ಯುಪಿಎಸ್ ಹಾಕಿದರೆ ಅಷ್ಟು ಉಳಿಯಿತು. ಉದಾಹರಣೆಗೆ 12.8 ವೋಲ್ಟಿನ 30 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ 384 ವ್ಯಾಟ್-ಅವರ್ ಆಗುತ್ತದೆ. ನಷ್ಟ ಕಳೆದರೂ ಆ 45 ವ್ಯಾಟನ್ನು ಆರು ಗಂಟೆ ಎಳೆಯುತ್ತದೆ. ಒಂದು ಕೈಯಲ್ಲಿ ಎತ್ತಬಹುದು, ನೀರು ಹಾಕುವ ಕೆಲಸ ಇಲ್ಲ. ಬೆಲೆ ಜಾಸ್ತಿ, ನಿಜ. ಆದರೆ ಲೆಡ್ ಬ್ಯಾಟರಿಗಿಂತ ಎಷ್ಟೋ ಪಟ್ಟು ಹೆಚ್ಚು ಸಲ ಚಾರ್ಜ್ ಆಗಿ ಖಾಲಿಯಾಗುತ್ತದೆ. ಎರಡು ಎಚ್ಚರ ಮಾತ್ರ ಬೇಕು. ಲಿಥಿಯಂಗೆ ಅದರದ್ದೇ ಚಾರ್ಜರ್ ಬೇಕು, ಹಳೇ ಲೆಡ್ ಚಾರ್ಜರಿಗೆ ಕಟ್ಟಬಾರದು. ಮತ್ತೆ ಯಾವುದೇ ಬ್ಯಾಟರಿಯ ತಂತಿಯನ್ನು ತಂದು ನೇರವಾಗಿ ಕ್ಯಾಮೆರಾಗೆ ಚುಚ್ಚಬಾರದು. ಚಾರ್ಜ್ ಆಗುವಾಗ ವೋಲ್ಟೇಜ್ 14ರ ಹತ್ತಿರ ಏರುತ್ತದೆ, ಖಾಲಿಯಾದಾಗ 10ರ ಹತ್ತಿರ ಇಳಿಯುತ್ತದೆ, ನಡುವೆ 12ಕ್ಕೆ ಹಿಡಿದಿಡುವ ರೆಗ್ಯುಲೇಟರ್ ಇರಲೇಬೇಕು. ಇದನ್ನು ಬಿಟ್ಟು ಅಗ್ಗದಲ್ಲಿ ಮುಗಿಸಿಕೊಡುವವರೂ ಇದ್ದಾರೆ.

ಇರುವ ಇನ್ವರ್ಟರಿನಲ್ಲೇ ನಡೆಸುತ್ತೇವೆ ಅನ್ನುವವರು ಅದರ ಹಿಂಭಾಗದ ಸಣ್ಣ ಸ್ವಿಚ್ ಒಮ್ಮೆ ನೋಡಲಿ. ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಬಹಳ ಇನ್ವರ್ಟರುಗಳಲ್ಲಿ ಇರುತ್ತದೆ. ನಾರ್ಮಲ್‌ನಲ್ಲಿ ಬ್ಯಾಟರಿಗೆ ಬದಲಾಗುವ ಹೊತ್ತು ಸ್ವಲ್ಪ ಜಾಸ್ತಿ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಆದರೆ ಡಿವಿಆರ್ ಬಂದ್ ಆಗಿ ಮತ್ತೆ ಶುರುವಾಗಬಹುದು. ಶುರುವಾಗಲು ನಿಮಿಷ ಹಿಡಿಯುತ್ತದೆ, ಆ ನಿಮಿಷದ ರೆಕಾರ್ಡಿಂಗ್ ಇಲ್ಲ. ಪದೇ ಪದೇ ಹೀಗಾದರೆ ಹಾರ್ಡ್ ಡಿಸ್ಕ್ ಕೆಡುತ್ತದೆ. ಹಳೇ ಡಿವಿಆರ್ ಒಳಗಿನ ಗಡಿಯಾರದ ಸೆಲ್ ಸತ್ತಿದ್ದರೆ ತಾರೀಕೂ ಹಿಂದಕ್ಕೆ ಹೋಗುತ್ತದೆ, ನಾಳೆ ಪೊಲೀಸರು ಇಂಥ ರಾತ್ರಿಯ ದೃಶ್ಯ ಕೊಡಿ ಅಂದರೆ ಹುಡುಕಲೂ ಆಗುವುದಿಲ್ಲ. ಯುಪಿಎಸ್ ಮೋಡ್‌ಗೆ ಹಾಕಿದರೆ ಈ ತೊಂದರೆ ಕಡಿಮೆ. ಆದರೆ ತೋಟದ ವಸ್ತಿಗಳಲ್ಲಿ ಸಂಜೆ ವೋಲ್ಟೇಜ್ 170ಕ್ಕೆ ಇಳಿಯುವ ಕಡೆ ಆ ಮೋಡ್‌ನಲ್ಲಿ ಕರೆಂಟ್ ಇದ್ದರೂ ಇನ್ವರ್ಟರ್ ಬ್ಯಾಟರಿಗೆ ಹೋಗಿಬಿಡುತ್ತದೆ, ರಾತ್ರಿ ಆಗುವಷ್ಟರಲ್ಲಿ ಬ್ಯಾಟರಿ ಖಾಲಿ. ಅಂಥಲ್ಲಿ ಮೊದಲು ಸ್ಟೆಬಿಲೈಜರ್ ಹಾಕಿಸಬೇಕು.

ನಮ್ಮ ಕಡೆಯ ಬಿಸಿಲನ್ನು ಮರೆಯಬಾರದು. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿ ಏರಿದರೆ ಲೆಡ್ ಬ್ಯಾಟರಿಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಈ ಕೆಲಸದವರ ಹಳೇ ಲೆಕ್ಕ. ವಿಜಯಪುರ, ಬಾಗಲಕೋಟೆಯ ಬೇಸಿಗೆ 40 ದಾಟುತ್ತದೆ. ಮೆಟ್ಟಿಲ ಮೇಲಿನ ತಗಡಿನ ಕೋಣೆಯೊಳಗೆ ಇನ್ನೂ ಜಾಸ್ತಿ. ಜಾಗ ಖಾಲಿ ಇದೆ ಅಂತ ಬ್ಯಾಟರಿಯನ್ನು ಅಲ್ಲೇ ಇಡುತ್ತಾರೆ! ಐದು ವರ್ಷ ಬಾಳಬೇಕಾದದ್ದು ಎರಡೇ ವರ್ಷಕ್ಕೆ ಉಬ್ಬಿ ಕೂರುತ್ತದೆ, ಆಮೇಲೆ ಕಂಪನಿಯನ್ನು ಬಯ್ಯುತ್ತಾರೆ. ಕೆಳಗಿನ ಅಂತಸ್ತಿನಲ್ಲಿ, ಪಶ್ಚಿಮದ ಬಿಸಿಲು ಬೀಳದ ಗೋಡೆ ಪಕ್ಕ, ಗಾಳಿ ಆಡುವ ಕಡೆ ಇಡಿ. ಹಳೇ ಕಲ್ಲಿನ ಗೋಡೆಯ ಮನೆ ಇದ್ದವರಿಗೆ ಈ ವಿಷಯದಲ್ಲಿ ಅನುಕೂಲ. ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಮಲಗುವ ಕೋಣೆಯೂ ಬೇಡ, ಮುಚ್ಚಿದ ಕಪಾಟೂ ಬೇಡ. ಬೇಸಿಗೆಯಲ್ಲಿ ಡಿಸ್ಟಿಲ್ಡ್ ವಾಟರ್ ಬೇಗ ಇಳಿಯುತ್ತದೆ, ನೋಡುತ್ತಿರಬೇಕು. ಬೋರಿನ ನೀರು ಹಾಕಿದರೆ ಬ್ಯಾಟರಿ ಕತೆ ಮುಗಿಯಿತು.

ಮನೆ ಮೇಲೆ ಸೋಲಾರ್ ಇದೆ, ನಮಗೆ ಚಿಂತೆ ಇಲ್ಲ ಅನ್ನುವವರೂ ಈಗ ಹೆಚ್ಚಾಗಿದ್ದಾರೆ. ಪಿಎಂ ಸೂರ್ಯ ಘರ್ ಯೋಜನೆ 2024ರಲ್ಲಿ ಬಂದ ಮೇಲೆ ನಮ್ಮ ಕಡೆಯೂ ಬಹಳ ಮನೆಗಳಿಗೆ ಪ್ಯಾನಲ್ ಬಂದಿವೆ. ಅವರಲ್ಲಿ ಎಷ್ಟೋ ಜನರಿಗೆ ಒಂದು ವಿಷಯ ಯಾರೂ ಹೇಳಿಲ್ಲ. ಬ್ಯಾಟರಿ ಇಲ್ಲದ ಆನ್-ಗ್ರಿಡ್ (ಕಂಬದ ಲೈನಿಗೇ ಜೋಡಿಸಿದ) ಸೋಲಾರ್, ಕಂಬದ ಕರೆಂಟ್ ಹೋದ ಕೂಡಲೇ ತಾನೂ ಬಂದ್ ಆಗುತ್ತದೆ, ಮಟಮಟ ಮಧ್ಯಾಹ್ನ ಆಗಿದ್ದರೂ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್ ಜೀವ ಉಳಿಯಲಿ ಅಂತ ಹಾಗೆ ಮಾಡಿರುವುದು, ಅದು ಸರಿಯೇ. ಬ್ಯಾಕಪ್ ಮಾತ್ರ ಬೇರೆ ಬೇಕು.

ರೌಟರಿಗೆ ಬ್ಯಾಟರಿ ಕೊಟ್ಟರೂ ನೆಟ್ ಇರುತ್ತದೆ ಅಂತ ಹೇಳಲಾಗದು. ಓಣಿಯ ಕೊನೆಗೆ ಕಂಬದ ಮೇಲೆ ನೆಟ್ ಆಪರೇಟರ್ ಇಟ್ಟ, ಮನೆಗಳಿಗೆ ನೆಟ್ ಹಂಚುವ ಸ್ವಿಚ್ ಡಬ್ಬಿ ಇದ್ದು, ಅದಕ್ಕೆ ಬ್ಯಾಕಪ್ ಇಲ್ಲದಿದ್ದರೆ ಅಲ್ಲಿಗೇ ಕಡಿಯಿತು. ಕನೆಕ್ಷನ್ ತೆಗೆದುಕೊಳ್ಳುವಾಗಲೇ ಕೇಳಿ. ಅಲಾರಂಗೆ ಸಿಮ್ ಹಾಕುವ ಮಾದರಿ ಇದ್ದರೆ ಅದನ್ನೇ ಆರಿಸಿ, ನೆಟ್ ಸತ್ತರೂ ಫೋನ್ ಬರುತ್ತದೆ. ಬೆರಳಿನ ಲಾಕ್ ಒಳಗಿನ ಸೆಲ್ಲಿನ ಮೇಲೆ ನಡೆಯುತ್ತದೆ, ಸೆಲ್ ಮುಗಿಯುವ ಮುನ್ಸೂಚನೆ ಬಂದ ದಿನವೇ ಬದಲಿಸಿ, ಲೋಹದ ಕೀಲಿ ಮನೆಯೊಳಗೆ ಬಿಟ್ಟು ಹೋಗಬೇಡಿ.

ನನ್ನ ಬೇಡಿಕೆ ಅಂಗಡಿಯವರಿಗೆ ಮತ್ತು ಹಾಕಿಕೊಡುವವರಿಗೆ. ಬಿಲ್ಲಿನಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಬರೆಯುತ್ತೀರಿ. ಅದರ ಕೆಳಗೇ ಒಟ್ಟು ಎಷ್ಟು ವ್ಯಾಟ್, ಬ್ಯಾಟರಿ ಎಷ್ಟು ವ್ಯಾಟ್-ಅವರ್, ಎಷ್ಟು ಗಂಟೆ ನಡೆಯುತ್ತದೆ, ಬ್ಯಾಟರಿ ತಯಾರಾದ ತಿಂಗಳು ಯಾವುದು ಅಂತ ಬರೆದುಕೊಡಿ. ಗ್ರಾಹಕರು ಕೊನೆಯ ಕಂತು ಕೊಡುವ ಮುಂಚೆ ಮೇನ್ ಸ್ವಿಚ್ ಇಳಿಸಿ, ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಮನೆಯ ಕ್ಯಾಮೆರಾ ಕಾಣುತ್ತದೆಯೇ ಅಂತ ನೋಡಲಿ, ಮತ್ತೆ ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಲಿ. ವರ್ಷಕ್ಕೊಮ್ಮೆ, ಬೇಸಿಗೆ ಶುರುವಾಗುವ ಮುಂಚೆ, ಇದನ್ನೇ ಮತ್ತೆ ಮಾಡಲಿ. ಪೊಲೀಸರು ಬಡಾವಣೆಗಳಲ್ಲಿ ಸಭೆ ಮಾಡಿ ಸಿಸಿಟಿವಿ ಹಾಕಿಸಿಕೊಳ್ಳಿ ಅನ್ನುವಾಗ ಬ್ಯಾಕಪ್ ವಿಷಯವನ್ನೂ ಸೇರಿಸಿ ಹೇಳಲಿ. ತಾವೂ ಪತ್ರಿಕೆಯಲ್ಲಿ ಫೆಬ್ರುವರಿಯೊಳಗೆ ಇದರ ಬಗ್ಗೆ ಒಂದು ಪುಟ ಕೊಟ್ಟರೆ ಯುಗಾದಿಗೆ ಮನೆ ಬೀಗ ಹಾಕಿ ಹೊರಡುವವರಿಗೆ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ.

ಇತಿ,
ನಿಮ್ಮ ಓದುಗ
ವಿಜಯಪುರ