ಒಂದೇ ಗಡಿಯಾರವನ್ನು ನಂಬಬೇಡಿ: ಪ್ರಲ್ಹಾದ ಜೋಶಿಯವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಾದ ಪ್ರಲ್ಹಾದ ಜೋಶಿಯವರಿಗೆ ನಮಸ್ಕಾರ.

ತಕ್ಕಡಿ, ಲೀಟರು, ಮೀಟರಿನ ಜೊತೆ ದೇಶದ ಸಮಯವೂ ನಿಮ್ಮ ಗ್ರಾಹಕ ವ್ಯವಹಾರಗಳ ಖಾತೆಗೇ ಬರುತ್ತದೆ. ನಮ್ಮ ಹುಬ್ಬಳ್ಳಿಯಲ್ಲಿ ಇದು ಬಹಳ ಜನಕ್ಕೆ ಗೊತ್ತಿಲ್ಲ. 2025ರ ಜನವರಿಯಲ್ಲಿ ನಿಮ್ಮ ಇಲಾಖೆ ಭಾರತೀಯ ಪ್ರಮಾಣಿತ ಸಮಯದ ಕರಡು ನಿಯಮ ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ಆಗಲೇ ಬರೆಯಬೇಕಿತ್ತು. ಸಮಯದ ವಿಚಾರಕ್ಕೇ ತಡ ಮಾಡಿದೆ, ನಗಬೇಡಿ.

ನಮ್ಮಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದರು. ಅಂಗಡಿಯ ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಟೈಮು. ಅಪ್ಪ ನಂಬುತ್ತಿದ್ದದ್ದು ದಿನಕ್ಕೆ ಒಂದೂವರೆ ನಿಮಿಷ ಮುಂದೆ ಓಡುವ ಒಂದು ಹಳೇ ಲೋಲಕದ ಗಡಿಯಾರವನ್ನು. "ತಪ್ಪಿದ್ರೂ ದಿನಾ ಒಂದೇ ಥರ ತಪ್ತದ, ಲೆಕ್ಕಾ ಸಿಗ್ತದ" ಅನ್ನುತ್ತಿದ್ದರು. ಪಕ್ಕದ್ದು ಇವತ್ತು ಸರಿ, ನಾಳೆ ಹಿಂದೆ. ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಪರಮಾಣು ಗಡಿಯಾರಗಳದ್ದೂ ಇದೇ ಕತೆ. ಸೀಸಿಯಂ ಪರಮಾಣುವಿನ ವಿಕಿರಣ 9,19,26,31,770 ಸಲ ಮಿಡಿದರೆ ಒಂದು ಸೆಕೆಂಡ್. ಆದರೂ ಎರಡು ಸೀಸಿಯಂ ಗಡಿಯಾರ ಅಕ್ಕಪಕ್ಕ ಇಟ್ಟರೆ ನ್ಯಾನೋಸೆಕೆಂಡುಗಳ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ಲೆಕ್ಕದಲ್ಲಿ ಬೇರೆಯಾಗುತ್ತಾ ಹೋಗುತ್ತವೆ. ಎರಡೇ ಇದ್ದರೆ ತಪ್ಪು ಯಾವುದರದ್ದು ಅಂತ ಹೇಳೋದು ಕಷ್ಟ. ಹೈಡ್ರೋಜನ್ ಮೇಸರ್ ಅನ್ನೋ ಇನ್ನೊಂದು ಥರದ ಪರಮಾಣು ಗಡಿಯಾರ ಒಂದೆರಡು ದಿನ ಬಹಳ ನಯವಾಗಿ ನಡೆಯುತ್ತದೆ, ತಿಂಗಳುಗಟ್ಟಲೆ ಬಿಟ್ಟರೆ ಮೆಲ್ಲಗೆ ಜಾರುತ್ತದೆ. ಸೀಸಿಯಂ ಆ ಗಳಿಗೆಗೆ ಕೊಂಚ ಅಲುಗಾಡುತ್ತದೆ, ದೂರದ ಓಟಕ್ಕೆ ಗಟ್ಟಿ. ಅದಕ್ಕೇ ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಯಾವುದರ ನಡೆ ಮೊದಲೇ ಊಹಿಸಬಹುದೋ ಅದರ ಮಾತಿಗೆ ತೂಕ ಜಾಸ್ತಿ. ಆದರೆ ಮಿತಿ ಇರುತ್ತದೆ, ಒಂದೇ ಗಡಿಯಾರ ಯಜಮಾನಿಕೆ ಮಾಡುವ ಹಾಗಿಲ್ಲ. ಒಂದು ಕೆಟ್ಟು ಹೊರಗೆ ಹೋದರೂ ಸಮಯ ಜಿಗಿಯದಂತೆ ಲೆಕ್ಕ ಸರಿಪಡಿಸುತ್ತಾರೆ. ಹೀಗೆ ಹುಟ್ಟುವ ಸಮಯಕ್ಕೆ ಮುಳ್ಳೂ ಇಲ್ಲ, ಡಬ್ಬಿಯೂ ಇಲ್ಲ. ಅದು ಬರೀ ಕಾಗದದ ಮೇಲಿನ ಗಡಿಯಾರ!

ಪ್ಯಾರಿಸ್ ಹತ್ತಿರದ ಅಂತರರಾಷ್ಟ್ರೀಯ ತೂಕ-ಅಳತೆ ಕಚೇರಿ ಲೋಕದ ನಾನೂರಕ್ಕೂ ಹೆಚ್ಚು ಗಡಿಯಾರಗಳನ್ನು ಹೀಗೇ ಕೂಡಿಸುತ್ತದೆ. ಆದರೆ ಅದರ ತಿಂಗಳ ವರದಿ ಕೈಗೆ ಬರೋದು ಮುಂದಿನ ತಿಂಗಳು. ಅಲ್ಲಿಯವರೆಗೆ ನಮ್ಮ ದೇಶದ ಸಮಯ ಕಾಯುವ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ತನ್ನ ಕಾಲ ಮೇಲೆ ತಾನು ನಿಲ್ಲಬೇಕು, ಅಲ್ವಾ?

ಐಆರ್‌ಎನ್‌ಎಸ್‌ಎಸ್-1ಎ ಎಂಬ ನಮ್ಮ ದೇಶದ ದಾರಿ ತೋರಿಸುವ ಉಪಗ್ರಹದಲ್ಲಿ ಮೂರು ರುಬಿಡಿಯಂ ಪರಮಾಣು ಗಡಿಯಾರಗಳಿದ್ದವು. ಮೂರೂ ಕೈಕೊಟ್ಟವು. ಹಾಗಾಗಿ ಸುಮ್ನೆ ಸಂಖ್ಯೆ ಹೆಚ್ಚಿಸಿದರೆ ಸಾಲದು, ಬೇರೆ ಬೇರೆ ಥರದವೂ ಬೇಕು. ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ ಇಸ್ರೋದವರು ಸೀಸಿಯಂ, ಮೇಸರ್ ಎರಡನ್ನೂ ಕೂಡಿಸಿಯೇ ನಾವಿಕ್ ಎಂಬ ನಮ್ಮದೇ ದಾರಿ ತೋರಿಸುವ ಉಪಗ್ರಹ ವ್ಯವಸ್ಥೆಯ ಸಮಯ ನಡೆಸುತ್ತಾರೆ. ವಿದ್ಯೆ ಮನೆಯಲ್ಲೇ ಇದೆ.

ಅಹಮದಾಬಾದ್, ಬೆಂಗಳೂರು, ಭುವನೇಶ್ವರ, ಫರಿದಾಬಾದ್, ಗುವಾಹಟಿಯಲ್ಲಿರುವ ನಿಮ್ಮ ಇಲಾಖೆಯ ತೂಕ-ಅಳತೆ ಕೇಂದ್ರಗಳ ಗಡಿಯಾರಗಳು ದೆಹಲಿಯ ಸಮಯವನ್ನು ಹಂಚುವುದಷ್ಟೇ ಅಲ್ಲ, ಆ ಸಮಯ ಕಟ್ಟುವ ಸರಾಸರಿಯೊಳಗೂ ಸೇರಲಿ. ಯಾವ ಕೇಂದ್ರ ಎಷ್ಟು ನ್ಯಾನೋಸೆಕೆಂಡ್ ಹಿಂದೆ, ಎಷ್ಟು ಮುಂದೆ ಎಂದು ದಿನಾ ಎಲ್ಲರಿಗೂ ಕಾಣುವಂತೆ ಹಾಕಿಸಿ. ತಪ್ಪಿದ್ದರೂ ಪರವಾಗಿಲ್ಲ, ನಮಗೆ ಲೆಕ್ಕ ಸಿಗಲಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ಹುಬ್ಬಳ್ಳಿ