ದುಭಾಷಿ ಮೇಡಂ, ನಿಮಗೆ

ಅವತ್ತು ನಿಮ್ಮ ಹೆಸರು ಕೇಳೋದೇ ಮರೆತುಹೋಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಪಕ್ಕದ ಮನೆಯವರು ಯುದ್ಧ ತಪ್ಪಿಸಿಕೊಂಡು ಬಂದ ನಿರಾಶ್ರಿತರು. ಅವರ 6 ವರ್ಷದ ಮಗನಿಗೆ ಆಟಿಸಂ ಇದೆಯಾ ಎಂದು ಪರೀಕ್ಷಿಸುವ ದಿನ ನಾನೂ ಜೊತೆಗೆ ಹೋಗಿದ್ದೆ. ಇಂಥ ಮಗು ಮಾತಾಡದಿದ್ದರೆ 'ಹೊಸ ಭಾಷೆ, ಪಟ್ಟ ಕಷ್ಟ, ಸರಿಹೋಗ್ತಾನೆ ಬಿಡಿ' ಎನ್ನುವವರೇ ಜಾಸ್ತಿ. ಹಳೆಯ ದಾಖಲೆಗಳೆಲ್ಲ ದಾರಿಯಲ್ಲೇ ಕಳೆದಿದ್ದವು. ಮನೆಯಲ್ಲಿ ಹೊಸ ಭಾಷೆ ಬರುತ್ತಿದ್ದದ್ದು 10 ವರ್ಷದ ಅಕ್ಕನಿಗೆ ಮಾತ್ರ. ಪಾಪ, ಉತ್ತರ ಹೇಳಲು ಅವಳೇ ಮುಂದೆ ಕೂತಿದ್ದಳು.

ನೀವು ಬಂದವರೇ ಅವಳ ಕೈಗೆ ಬಣ್ಣದ ಪೆನ್ಸಿಲ್ ಕೊಟ್ಟಿರಿ. 'ಇನ್ನು ಇದು ನನ್ನ ಕೆಲಸ, ನೀನು ಚಿತ್ರ ಬರಿ' ಎಂದಿರಂತೆ. ಅವಳ ಹೆಗಲು ಸಡಿಲವಾದದ್ದು ನನಗೆ ಕಂಡಿತು. ಹುಡುಗ ಕಿವಿ ಮುಚ್ಚಿಕೊಂಡ. ಗುಂಯ್ಗುಡುತ್ತಿದ್ದ ಟ್ಯೂಬ್‌ಲೈಟನ್ನು ನೀವೇ ಡಾಕ್ಟರನ್ನು ಕೇಳಿ ಆರಿಸಿದಿರಿ. ಆಮೇಲೆ ಅವನು ನೆಲದಲ್ಲಿ ಕೂತ, ನೀವೂ ಕೂತಿರಿ.

ಆ ತಾಯಿ ಕೇಳಿದ್ದು ಒಂದೇ: 'ನನ್ನಿಂದ ಹೀಗಾಯ್ತಾ?' ನೀವು ಸಮಾಧಾನದ ಮಾತು ಸೇರಿಸದೆ ಪ್ರಶ್ನೆಯನ್ನು ಹಾಗೇ ಡಾಕ್ಟರಿಗೆ ದಾಟಿಸಿದಿರಿ. ಸಾಕುವ ರೀತಿಯಿಂದ ಆಟಿಸಂ ಬರುವುದಿಲ್ಲ ಎಂಬ ಉತ್ತರವನ್ನು ನಿಧಾನವಾಗಿ ಎರಡು ಸಲ ಹೇಳಿದಿರಿ. ಆಕೆ ಅತ್ತರು. ನನಗೂ ಎದೆ ಹಗುರವಾಯಿತು.

ನಿರಾಶ್ರಿತರ ಮಕ್ಕಳಿಗೂ ಪ್ರಾಥಮಿಕ ಶಾಲೆಯಲ್ಲಿ ಆಶ್ರಯ ಕೊಟ್ಟ ದೇಶದ ಮಕ್ಕಳಷ್ಟೇ ಅವಕಾಶ ಸಿಗಬೇಕು ಎನ್ನುತ್ತದೆ 1951ರ ನಿರಾಶ್ರಿತರ ಒಪ್ಪಂದ. ಆದರೆ ಅರ್ಜಿ ಓದಲು ಬರಬೇಕಲ್ವಾ?

ಹೊರಡುವಾಗ ಮುಂದಿನ ಭೇಟಿಯ ದಿನ, ಕೇಳಬೇಕಾದ ಪ್ರಶ್ನೆಗಳು, ಎಲ್ಲವನ್ನೂ ಅವರ ಲಿಪಿಯಲ್ಲೇ ಬರೆದುಕೊಟ್ಟಿರಿ. ಆ ಚೀಟಿ ಈಗ ಅವರ ಬಾಗಿಲ ಹಿಂದೆ ಅಂಟಿದೆ, ಮೇಡಂ. ಪಕ್ಕದಲ್ಲಿ ಆ ಹುಡುಗಿ ಬರೆದ ಚಿತ್ರ.