ಗುಂಗುರು ಕೂದಲು ಅಶಿಸ್ತಲ್ಲ

ಮಾನ್ಯರೆ,

ನಾನು ಯಲ್ಲಾಪುರ ಕಡೆಯ ಹುಡುಗಿ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವಳು. ಈಗ ಶಿವಮೊಗ್ಗದ ಒಂದು ಖಾಸಗಿ ಆಫೀಸಿನಲ್ಲಿ ಕೌಂಟರ್ ಕೆಲಸ. ಅಲ್ಲಿ ಗುಂಗುರು ಕೂದಲು ಇರುವವಳು ನಾನೊಬ್ಬಳೇ. ಮೊನ್ನೆ ಮೇಲಿನವರು ಕರೆದು, ಕೂದಲು ನೀಟಾಗಿ ಕಾಣಲ್ಲ, ಸ್ಟ್ರೇಟ್ ಮಾಡಿಸಿಕೊಂಡು ಬನ್ನಿ, ಇಲ್ಲಾಂದ್ರೆ ಒಳಗಿನ ಟೇಬಲ್ಲಿಗೆ ಹಾಕ್ತೀವಿ ಅಂದರು. ನಾನು ತಲೆಗೆ ಸ್ನಾನ ಮಾಡಿ, ಕೊಬ್ಬರಿ ಎಣ್ಣೆ ಹಚ್ಚಿ, ಬಿಗಿಯಾಗಿ ಹೆಣೆದುಕೊಂಡೇ ಹೋಗಿದ್ದೆ. ಇನ್ನೇನು ಮಾಡಬೇಕಿತ್ತು?

ನಮ್ಮ ಕೂದಲು ಬುಡದಿಂದಲೇ ಸುರುಳಿ. ನೆತ್ತಿಯ ಜಿಡ್ಡು ತುದಿಯವರೆಗೆ ಇಳಿಯುವುದಿಲ್ಲ, ಹಾಗಾಗಿ ಬೇಗ ಒಣಗುತ್ತದೆ, ಒಣಗಿದ್ದಾಗ ಬಾಚಿದರೆ ಮುರಿಯುತ್ತದೆ. ಹೆಣೆಯುವುದು ನಮಗೆ ಶೋಕಿ ಅಲ್ಲ, ಕೂದಲು ಉಳಿಸಿಕೊಳ್ಳುವ ದಾರಿ. ಬಿಸಿ ಐರನ್ ಹಾಕಿ ನೆಟ್ಟಗೆ ಮಾಡಿದರೂ ತೇವ ತಾಗಿದ ಕೂಡಲೇ ಮತ್ತೆ ಸುರುಳಿ ಆಗುತ್ತದೆ. ಜೂನ್‌ನಿಂದ ಮಲೆನಾಡಿನ ಮಳೆ ಹಿಡಿದರೆ ಬಸ್ ಸ್ಟ್ಯಾಂಡಿನಿಂದ ಆಫೀಸಿಗೆ ಬರುವುದರೊಳಗೆ ಮುಗೀತು. ಕೆಮಿಕಲ್ ಹಾಕಿಸಿದರೆ ನೆಟ್ಟಗೇ ನಿಲ್ಲುತ್ತದೆ, ನಿಜ. ಆದರೆ ಕೂದಲು ಬಲ ಕಳೆದುಕೊಳ್ಳುತ್ತದೆ, ಕೆಲವರಿಗೆ ನೆತ್ತಿ ಸುಡುತ್ತದೆ, ಹೊಸದಾಗಿ ಬೆಳೆದದ್ದು ಸುರುಳಿಯೇ ಆಗಿರುವುದರಿಂದ ಕೆಲವೇ ತಿಂಗಳಲ್ಲಿ ಮತ್ತೆ ಹಾಕಿಸಬೇಕು. ಆ ದುಡ್ಡು ಯಾರು ಕೊಡುತ್ತಾರೆ?

ಅಮೆರಿಕದಲ್ಲಿ ಬಿಳಿಯರೇ ಜಾಸ್ತಿ ಇರುವ ಆಫೀಸುಗಳಲ್ಲಿ ಕಪ್ಪು ಹೆಣ್ಣುಮಕ್ಕಳು ಇದೇ ಮಾತು ಕೇಳುತ್ತ ಬಂದಿದ್ದಾರೆ. 2010ರಲ್ಲಿ ಅಲಬಾಮಾದಲ್ಲಿ ಒಬ್ಬ ಮಹಿಳೆಗೆ ಕೆಲಸ ಕೊಟ್ಟು, ಡ್ರೆಡ್‌ಲಾಕ್ಸ್ (ಹಗ್ಗದ ಹಾಗೆ ಹೊಸೆದುಕೊಂಡ ಜಟೆ, ಲಾಕ್ಸ್ ಅಂತಲೂ ಅನ್ನುತ್ತಾರೆ) ಕತ್ತರಿಸಲ್ಲ ಅಂದದ್ದಕ್ಕೆ ವಾಪಸ್ ತೆಗೆದುಕೊಂಡರು. ನಿಮ್ಮದು ಕೆದರಿದೆ ಅಂತಲ್ಲ, ಆದರೆ ಇಂಥವು ಕೆದರುತ್ತವೆ ಅನ್ನುವ ಅರ್ಥದ ಮಾತು ಆಕೆಗೆ ಹೇಳಿದ್ದರು. ಕೇಸು ಹಾಕಿದರೆ 2016ರಲ್ಲಿ ಮೇಲ್ಮನವಿ ಕೋರ್ಟು ಕಂಪನಿಯ ಪರ ತೀರ್ಪು ಕೊಟ್ಟಿತು, ಯಾಕೆಂದರೆ ಕೇಶಶೈಲಿ ಬದಲಾಯಿಸಬಹುದಾದದ್ದಂತೆ! ಕಡೆಗೆ 2019ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ, ಕಪ್ಪು ಜನರ ಸಹಜ ಕೂದಲು, ಜಡೆ, ಲಾಕ್ಸ್ ನೋಡಿ ಕೆಲಸದಲ್ಲಿ ತಾರತಮ್ಯ ಮಾಡಬಾರದು ಅಂತ ಕ್ರೌನ್ ಕಾಯ್ದೆ ತಂದಿತು. ಆಮೇಲೆ ಬೇರೆ ಹಲವು ರಾಜ್ಯಗಳೂ ತಂದವು. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ ಮಾತ್ರ 2022ರಲ್ಲಿ ಕೆಳಮನೆ ದಾಟಿ, ಸೆನೆಟ್‌ನಲ್ಲಿ ನಿಂತುಹೋಯಿತು.

ನಾವು ಬೇರೆ ದೇಶದವರಲ್ಲ. ಆಫ್ರಿಕಾದಿಂದ ನಮ್ಮ ಹಿರಿಯರನ್ನು ಗುಲಾಮರಾಗಿ ತಂದು ಶತಮಾನಗಳಾದವು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಆದರೂ ಯಾವ ದೇಶ ನಿಮ್ಮದು ಅಂತ ಇಂಗ್ಲಿಷಿನಲ್ಲಿ ಕೇಳುತ್ತಾರೆ, ಕೇಳದೆ ತಲೆಗೆ ಕೈ ಹಾಕಿ ಇದು ಒರಿಜಿನಲ್ಲಾ ಅನ್ನುತ್ತಾರೆ. ಸುಮ್ನೆ ಕುತೂಹಲ ಅಂತೀರಿ. ನನಗೆ ಅದು ನೋವು.

ಇಲ್ಲಿನ ಆಫೀಸಿನವರಲ್ಲಿ ನನ್ನ ಮನವಿ ಇಷ್ಟೇ. ಕೂದಲು ಸ್ವಚ್ಛವಾಗಿರಲಿ, ಯಂತ್ರದ ಹತ್ತಿರ ಕಟ್ಟಿರಲಿ ಅಂತ ನಿಯಮ ಮಾಡಿ, ಖಂಡಿತ ಪಾಲಿಸುತ್ತೇವೆ. ನೆಟ್ಟಗೇ ಇರಬೇಕು ಅನ್ನಬೇಡಿ. ಹಳಿಯಾಳ, ಯಲ್ಲಾಪುರ, ಮುಂಡಗೋಡದಲ್ಲಿ ಓದಿದ ನಮ್ಮ ಹುಡುಗಿಯರು ನಾಳೆ ನಿಮ್ಮಲ್ಲಿ ಇಂಟರ್‌ವ್ಯೂಗೆ ಬರಬಹುದು. ಅವರ ತಲೆ ನೋಡಿ ಕೌಂಟರ್ ಬೇಡ ಅನ್ನುವ ಮುಂಚೆ ಕೆಲಸ ಕೊಟ್ಟು ನೋಡಿ. ನಾನಂತೂ ಸ್ಟ್ರೇಟ್ ಮಾಡಿಸಿಲ್ಲ, ಮಾಡಿಸುವುದೂ ಇಲ್ಲ.

– ಒಬ್ಬ ಓದುಗಿ, ಶಿವಮೊಗ್ಗ